ಹಚ್ಚೆಯ ತೋಳು, ಸನ್ನೆಯ ಮಾತು: ಕಿವುಡ ಕಲಾವಿದೆಯರ ರಂಗಭೂಮಿಯ ಬಗ್ಗೆ ಒಂದು ವಾದ



 ಈ ಉಪನ್ಯಾಸದ ದತ್ತಿಗೆ ಹೆಸರು ಕೊಟ್ಟ ಮೇಷ್ಟ್ರು ಹವ್ಯಾಸಿ ನಾಟಕ ಆಡಿಸುವಾಗ ಕೊನೆಯ ಸಾಲಿನಲ್ಲಿ ತಾವೇ ಹೋಗಿ ಕೂತು, ಅಲ್ಲಿಗೆ ಕಾಣದ ದೃಶ್ಯವನ್ನು ಮತ್ತೆ ಕಟ್ಟಿಸುತ್ತಿದ್ದರೆಂದು ಅವರ ಶಿಷ್ಯರು ಹೇಳುತ್ತಾರೆ. ನನ್ನ ಇಂದಿನ ಮಾತೂ ಆ ಕೊನೆಯ ಸಾಲಿಗೆ ಸಂಬಂಧಪಟ್ಟದ್ದೇ.

ಬುನಾದಿಯ ಸಂಗತಿಗಳನ್ನು ಬೇಗ ದಾಟುತ್ತೇನೆ. 1880ರ ಮಿಲಾನ್ ಸಮ್ಮೇಳನ ಕಿವುಡ ಮಕ್ಕಳ ಶಿಕ್ಷಣದಿಂದ ಸನ್ನೆ ಭಾಷೆಯನ್ನು ಹೊರಗಿಟ್ಟಿತು. ಸನ್ನೆಗೂ ತನ್ನದೇ ರಚನೆಯಿದೆ ಎಂದು 1960ರಲ್ಲಿ ಭಾಷಾವಿದ್ವಾಂಸ ವಿಲಿಯಂ ಸ್ಟೋಕೋ ತೋರಿಸಿದರು. ಅಮೆರಿಕದಲ್ಲಿ 1967ರಲ್ಲಿ ಕಿವುಡರ ರಾಷ್ಟ್ರೀಯ ರಂಗತಂಡ ಹುಟ್ಟಿತು, ಲಂಡನ್ನಿನಲ್ಲಿ 2002ರಲ್ಲಿ ‘ಡೆಫಿನಿಟ್ಲಿ ಥಿಯೇಟರ್’ ಬಂತು. ಹೆಚ್ಚಿನ ವಿವರ ಪುಸ್ತಕಗಳಲ್ಲಿದೆ.

ಇಂಥ ರಂಗಕ್ಕೆ ನಾನು ಆರಿಸಿಕೊಂಡ ವಿಷಯ ಹಚ್ಚೆಯ ಹೆಣ್ಣು. 1882ರಲ್ಲಿ ನೋರಾ ಹಿಲ್ಡೆಬ್ರಾಂಟ್ ಮತ್ತು ಐರೀನ್ ವುಡ್‌ವರ್ಡ್ ಎಂಬ ಇಬ್ಬರು ಮೈತುಂಬ ಹಚ್ಚೆ ಹೊತ್ತು ನ್ಯೂಯಾರ್ಕಿನ ಪ್ರದರ್ಶನ ವೇದಿಕೆ ಏರಿದರು. ನೋರಾಳಿಗೆ ಹಚ್ಚೆ ಹುಯ್ದವನು ಮಾರ್ಟಿನ್ ಹಿಲ್ಡೆಬ್ರಾಂಟ್, ಆ ಊರಿನ ಹೆಸರಾಂತ ಕಸುಬುದಾರ. ಜನರಿಗೆ ಹೇಳಿದ್ದು ಮಾತ್ರ ಬೇರೆ ಕತೆ: ಮೂಲನಿವಾಸಿಗಳು ಸೆರೆಹಿಡಿದು ಬಲವಂತದಿಂದ ಹುಯ್ಯಿಸಿದರಂತೆ. ಅದರಲ್ಲಿ ಮೂಲನಿವಾಸಿ ನಾಯಕ ಸಿಟ್ಟಿಂಗ್ ಬುಲ್‌ನ ಹೆಸರನ್ನೂ ಎಳೆತಂದಿದ್ದರು. ಮರ್ಯಾದಸ್ಥ ಹೆಂಗಸು ತಾನಾಗಿ ಬಯಸಿ ಹಚ್ಚೆ ಹಾಕಿಸಿಕೊಂಡಳು ಎಂದರೆ ಆ ಪ್ರೇಕ್ಷಕರು ಒಪ್ಪುತ್ತಿರಲಿಲ್ಲ. ಬಲಾತ್ಕಾರದ ಕತೆಯಿದ್ದರೆ ಅವಳ ಬರಿತೋಳು, ಬರಿಗಾಲನ್ನು ನೋಡಲು ಅವರಿಗೆ ಸಂಕೋಚವಿರಲಿಲ್ಲ. ಪಕ್ಕದಲ್ಲಿ ನಿಂತ ವಿವರಣೆಗಾರ ಮಾತಾಡುವುದು, ಹೆಂಗಸು ತಿರುಗಿ ತಿರುಗಿ ಮೈ ತೋರುವುದು ಅಂಥ ಪ್ರದರ್ಶನಗಳ ವಾಡಿಕೆ.

ಕಿವುಡ ಕಲಾವಿದೆಯೊಬ್ಬಳು ಈ ಕತೆಯನ್ನು ಕೈಗೆತ್ತಿಕೊಂಡಾಗ ಏನಾಗಬೇಕು? ನಮ್ಮ ಸಭಾಂಗಣಗಳ ರೂಢಿಯಂತೆ ವೇದಿಕೆಯ ಮೂಲೆಯಲ್ಲಿ ಒಬ್ಬ ದುಭಾಷಿಯನ್ನು ನಿಲ್ಲಿಸಿದರೆ, ಕಿವುಡ ಪ್ರೇಕ್ಷಕಿ ನಟಿಯನ್ನು ಬಿಟ್ಟು ಮೂಲೆಯನ್ನೇ ನೋಡಬೇಕು. ಹೆಣ್ಣಿನ ಮೈ ನಡುವೆ, ಅವಳ ಮಾತು ಪಕ್ಕದಲ್ಲಿ. 1882ರ ಏರ್ಪಾಡೇ ಮರಳಿ ಬಂದಂತಾಯಿತು. ಮೈಯೂ ಮಾತೂ ಒಬ್ಬಳದೇ ಆಗಿರಬೇಕು ಎಂಬ ನನ್ನ ವಾದವೆಲ್ಲ ಇಲ್ಲಿಂದ ಹೊರಡುತ್ತದೆ.

ಎದುರು ಪಕ್ಷದವರು ಒಂದು ಬಲವಾದ ತಕರಾರು ಎತ್ತುತ್ತಾರೆ. ಸನ್ನೆ ಮಾಡುವ ಕೈ ಸ್ಪಷ್ಟವಾಗಿ ಕಾಣಬೇಕು. ಅದಕ್ಕೇ ದುಭಾಷಿಗಳು ಮೈಬಣ್ಣಕ್ಕೆ ಎದ್ದು ಕಾಣುವ, ಚಿತ್ತಾರವಿಲ್ಲದ ಉಡುಪು ತೊಡುತ್ತಾರೆ. ಹಚ್ಚೆಯಿದ್ದರೆ ಮುಚ್ಚಿಕೊಳ್ಳಿ ಎಂದು ಅವರಿಗೆ ಹೇಳುವುದೂ ಉಂಟು. ಹಾಗಿರುವಾಗ ಹಚ್ಚೆ ತುಂಬಿದ ತೋಳು ಮಾತನ್ನು ಕಲಕುವುದಿಲ್ಲವೇ ಎಂಬುದು ಅವರ ಪ್ರಶ್ನೆ. ದುಭಾಷಿಯ ಮಟ್ಟಿಗೆ ನಿಯಮ ಸರಿ, ಅವರು ಇನ್ನೊಬ್ಬರ ಮಾತನ್ನು ದಾಟಿಸುತ್ತಿರುತ್ತಾರೆ. ನಟಿಗೆ ಅದೇ ನಿಯಮ ಹೇರುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಸನ್ನೆ ಭಾಷೆಯಲ್ಲಿ ಕೈಯ ಆಕಾರ, ಚಲನೆಗಳ ಜೊತೆಗೆ ಸನ್ನೆ ಮೈಯ ಯಾವ ಜಾಗದಲ್ಲಿ ಆಗುತ್ತದೆ ಎಂಬುದೂ ಅರ್ಥದ ಭಾಗ.

ಹಾಗಾಗಿ ಹಚ್ಚೆಯಿರುವ ತೋಳೂ ಮಾತಿನ ಭಾಗವಾಗಬಲ್ಲದು. ಹೀಗೆ ನೋಡಿ. ನಟಿ ಎಡಗೈಯ ತೋಳು ಮಡಚುತ್ತಾಳೆ. ಮುಂಗೈ ಮೇಲೊಂದು ಹಾವಿನ ಹಚ್ಚೆ. ಬಲಗೈಯ ತೋರುಬೆರಳು ಸೂಜಿಯಾಗಿ ಹಾವಿನ ಗೆರೆಗುಂಟ ಚುಚ್ಚುತ್ತ ಹೋಗುತ್ತದೆ. ಹೆಗಲು ಸ್ವಲ್ಪ ಹೊರಳಿದರೆ ಅವಳು ಹಚ್ಚೆ ಹುಯ್ಯುವವಳು, ಹುಬ್ಬು ಬಿಗಿದು ಗೆರೆಯ ಮೇಲೆ ಕಣ್ಣು ನೆಟ್ಟಿದ್ದಾಳೆ. ಮರಳಿ ಹೊರಳಿದರೆ ನೋವು ನುಂಗುತ್ತಿರುವ ಹುಡುಗಿ. ಆಡುಮಾತು ಇಬ್ಬರ ಬಗ್ಗೆ ಒಬ್ಬರಾದ ಮೇಲೊಬ್ಬರಂತೆ ಹೇಳಬೇಕು. ಇಲ್ಲಿ ಮುಖ ಒಬ್ಬಳದಾಗಿದ್ದಾಗಲೂ ಚುಚ್ಚುವ ಬೆರಳು ಇನ್ನೊಬ್ಬಳದಾಗಿ ಉಳಿಯಬಲ್ಲದು. ಬೆಳಕು ತೋಳಿನ ಮೇಲೆ ಪಕ್ಕದಿಂದ ಬಿದ್ದರೆ, ಹಿನ್ನೆಲೆ ಖಾಲಿಯಿದ್ದರೆ, ಹಚ್ಚೆಯೂ ಸನ್ನೆಯೂ ಎರಡೂ ಓದಲು ಸಿಗುತ್ತವೆ. ಇದನ್ನು ತಾಲೀಮಿನ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ನಿರ್ದೇಶನ ಕಿವುಡರ ಕೈಯಲ್ಲಿರಬೇಕು.

ಅಮೆರಿಕದ ಡೆಫ್ ವೆಸ್ಟ್ ತಂಡದ ಸಂಗೀತ ನಾಟಕ ‘ಸ್ಪ್ರಿಂಗ್ ಅವೇಕನಿಂಗ್’ 2015ರಲ್ಲಿ ಬ್ರಾಡ್‌ವೇಗೆ ಬಂದಾಗ ಕಿವುಡ ನಟರ ಪಾತ್ರಗಳಿಗೆ ಕಿವಿ ಕೇಳುವ ನಟರು ದನಿಯಾದರು. ಅದರ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕಿವಿಯಿರುವ ಪ್ರೇಕ್ಷಕ ದನಿ ಬಂದ ಕಡೆ ಕಣ್ಣು ಹೊರಳಿಸುತ್ತಾನೆ. ಹಚ್ಚೆಯ ಹೆಣ್ಣಿನ ಕತೆಗೆ ಈ ಜೋಡಿ ಪದ್ಧತಿ ಹೊಂದದು. 2012ರಲ್ಲಿ ಲಂಡನ್ನಿನ ಗ್ಲೋಬ್‌ನಲ್ಲಿ ಡೆಫಿನಿಟ್ಲಿ ತಂಡ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕವನ್ನು ಬ್ರಿಟಿಷ್ ಸನ್ನೆ ಭಾಷೆಯಲ್ಲಿ ಆಡಿತು. ನನಗೆ ಆ ದಾರಿ ಹೆಚ್ಚು ಇಷ್ಟ.

ದನಿ ಬಿಟ್ಟು ಸನ್ನೆಯಲ್ಲೇ ಆಡಿದರೆ ಕಣ್ಣಿಲ್ಲದವರ ಗತಿ ಏನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕಿವಿಯಲ್ಲಿ ದೃಶ್ಯವಿವರಣೆ ಹೇಳುವ ಹೊರಗಿನ ದನಿಯೊಂದು ‘ಅವಳ ಎದೆಯ ಮೇಲೆ ಹಡಗಿದೆ’ ಎಂದರೆ, ಆ ಹಳೆಯ ವಿವರಣೆಗಾರ ಮತ್ತೆ ಬಂದಂತೆಯೇ. ಸ್ವತಃ ಕಿವುಡರಾದ ಜೆನ್ನಿ ಸೀಲಿ 1997ರಿಂದ ಮುನ್ನಡೆಸಿದ ‘ಗ್ರೇಯೈ’ ತಂಡ ಸನ್ನೆ, ಅಕ್ಷರ, ವಿವರಣೆಗಳನ್ನು ನಾಟಕದೊಳಗೇ ಹೆಣೆಯುತ್ತದೆ. ಅದೇ ಜಾಡಿನಲ್ಲಿ ವಿವರಣೆ ಪಾತ್ರದ್ದೇ ಮಾತಾಗಲಿ: ‘ಈ ಹಡಗು ನಾನು ಕೇಳಿ ಹಾಕಿಸಿಕೊಂಡದ್ದು.’ ಆ ಸಾಲನ್ನು ಸನ್ನೆಯಲ್ಲಿ ಕಟ್ಟುವವಳು ಕಿವುಡ ಕಲಾವಿದೆ, ದನಿ ಕೊಡುವವಳು ಅವಳನ್ನು ಅನುಸರಿಸುವವಳು.

ಕೊನೆಯದಾಗಿ ನಮ್ಮವರದೇ ಒಂದು ಆಕ್ಷೇಪ. ನಮ್ಮ ನಾಡಿನಲ್ಲಿ ಹಚ್ಚೆ ಬಹುಮಟ್ಟಿಗೆ ಹೆಂಗಸರ ಕೈಕೆಲಸವಾಗಿತ್ತು. ಕೊರಮ, ಕೊರಚ ಹೆಂಗಸರು ಊರೂರು ತಿರುಗಿ ಹಚ್ಚೆ ಹುಯ್ಯುತ್ತಿದ್ದರು. ನೋವು ಮರೆಸಲು ಹಾಡುತ್ತಿದ್ದರು. ಹಾಡೇ ಹಚ್ಚೆಯ ಜೀವ, ಕಿವುಡರ ರಂಗ ಅದನ್ನು ಹೇಗೆ ತಂದೀತು ಎಂದು ಕೆಲವು ಜಾನಪದ ವಿದ್ವಾಂಸರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಹಚ್ಚೆಗೆ ಕಾದವರ ಸಾಲಿನಲ್ಲಿ ಕಿವುಡ ಹುಡುಗಿಯರೂ ಕೈ ಚಾಚಿ ಕೂತಿರಲೇಬೇಕು. ಅವರ ಪಾಲಿಗೆ ಇದ್ದದ್ದು ಮಣಿಕಟ್ಟನ್ನು ಬಿಗಿಹಿಡಿದ ಅಂಗೈ, ತಮ್ಮ ಮುಖದ ಎದುರಿಗೇ ಇದ್ದ ಇನ್ನೊಂದು ಮುಖ, ಸೂಜಿ ಇಳಿದು ಏಳುವ ಲಯ. ಹಾಡುಗಳನ್ನು ನಾವು ಬರೆದಿಟ್ಟೆವು. ಈ ಲಯವನ್ನು ದಾಖಲಿಸುವ ಕೆಲಸವನ್ನು ಕಿವುಡ ಸಂಶೋಧಕಿಯರಿಗೇ ವಹಿಸಬೇಕು, ಅದಕ್ಕೆ ಈ ದತ್ತಿಯ ನೆರವೂ ಸಿಗಲಿ ಎಂದು ಕೇಳಿಕೊಳ್ಳುತ್ತೇನೆ.