ಅಗ್ಗದ ನೆಲಕ್ಕೊಂದು ಪ್ರಶ್ನೆ



ಮಾರಮ್ಮನ ಜಾತ್ರೆಗೆ ಹೆಸರಾದ ಗೌರಸಮುದ್ರದ ಕಡೆ ಜಮೀನು ಅಗ್ಗಕ್ಕೆ ಬಂದಿದೆ, ಕೊಳ್ಳೋಣವೇ ಎಂದು ಮನೆಯಲ್ಲಿ ಮಾತು ಬಂತೆನ್ನಿ. ನೀವು ಏನು ಹೇಳುವಿರಿ?

ಹವಾಯಿ ದ್ವೀಪದಲ್ಲಿ ಜ್ವಾಲಾಮುಖಿಯ ಮಗ್ಗುಲಿನ ನೆಲ ಅಗ್ಗವೆಂದು ಕೊಂಡು ಮನೆ ಕಟ್ಟಿದವರಿದ್ದರು. 2018ರಲ್ಲಿ ಕಿಲೌಯ ಉಕ್ಕಿದಾಗ ಸುಮಾರು 700 ಕಟ್ಟಡಗಳು ಲಾವಾದಡಿ ಹೂತುಹೋದವು.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೂ ಲಾವಾ ಹರಿದಿತ್ತು. ಮರಡಿಹಳ್ಳಿಯ ದಿಂಬಿನಾಕಾರದ ಶಿಲೆಗಳು ನೀರಿನೊಳಗೆ ಉಕ್ಕಿ ತಣಿದ ಲಾವಾ. ವಯಸ್ಸು ಸುಮಾರು 250 ಕೋಟಿ ವರ್ಷ! ಆ ಬೆಂಕಿ ಎಂದೋ ಆರಿದೆ. ಇಂದಿನ ಅಪಾಯ ಸದ್ದಿಲ್ಲದ್ದು; ಅದು ನೀರಿನದು.

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಆದ್ದರಿಂದ ಪಕ್ಕದ ಹೊಲದ ಕೊಳವೆಬಾವಿ ತುಂಬಿದ್ದರೆ ನಿಮ್ಮದೂ ತುಂಬೀತೆಂದು ಹೇಳಲಾಗದು. ಸಿಕ್ಕ ನೀರನ್ನೂ ಪರೀಕ್ಷಿಸಬೇಕು: ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ.

ಇನ್ನು ಕಾಗದಪತ್ರ. ಪಹಣಿ, ಋಣಭಾರ ಪತ್ರ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯಂತೆ ಆ ಕ್ರಯವೇ ಅಸಿಂಧು. ಬಡವನ ನೆಲ ಉಳಿಸಲೆಂದೇ ಬಂದ ಕಾಯಿದೆಯದು.

ಮಳೆಗಾಲದ ಹಸಿರಿಗೆ ಮರುಳಾಗದೆ ಬೇಸಿಗೆಯಲ್ಲೊಮ್ಮೆ ನೆಲ ನೋಡಿ. ಬೆಲೆ ಎಷ್ಟೆಂದು ಹಿರಿಯರು ಕೇಳಲಿ. ಏಕಿಷ್ಟು ಕಡಿಮೆ ಎಂದು ನೀವು ಕೇಳಿ. ವಿಜ್ಞಾನ ಕಲಿತವರ ಕೆಲಸ ಅದೇ ಅಲ್ಲವೇ?