ಐರಿಷ್ ಕವಿಯೂ ಉಪವಾಸದ ಹಕ್ಕೂ



ಸಾಲ ತೀರಿಸದವನ ಬಾಗಿಲಲ್ಲಿ ಉಪವಾಸವಿದ್ದು ಧರಣಿ ಕೂಡುವ ರೂಢಿಯು ನಮ್ಮ ದೇಶದಲ್ಲಿ ಪ್ರಾಚೀನವಾದುದು. ದೂರದ ಐರ್ಲಂಡದಲ್ಲಿಯೂ ಇದೇ ರೂಢಿಯು ಲಿಖಿತ ಕಾಯಿದೆಯಾಗಿತ್ತೆಂಬುದನ್ನು ನಾವು ಇಂದು ತಮ್ಮ ಮುಂದಿಡಬಯಸುತ್ತೇವೆ. ಐರಿಷ್ ನುಡಿಯಲ್ಲಿ ಅದಕ್ಕೆ ‘ತ್ರೊಸ್ಕದ್’ ಎಂದು ಹೆಸರು. ಸುಮಾರು 1,300 ವರ್ಷಗಳ ಹಿಂದಿನ ಅವರ ನ್ಯಾಯಗ್ರಂಥಗಳ ಪ್ರಕಾರ, ಉಚ್ಚಪದವಿಯವನಿಂದ ನ್ಯಾಯ ದೊರೆಯದಿದ್ದರೆ ನೊಂದವನು ಅವನ ಮನೆಯ ಮುಂದೆ ಉಪವಾಸ ಕೂಡಬಹುದು. ಅದನ್ನು ಲೆಕ್ಕಿಸದ ಪ್ರಭುವು ಮಾನವನ್ನೂ ತನ್ನ ಹಕ್ಕುಗಳನ್ನೂ ಕಳೆದುಕೊಳ್ಳುವನು. ತಕ್ಕ ಪರಿಹಾರ ದೊರೆತ ಮೇಲೂ ಹಟ ಬಿಡದವನ ಹಕ್ಕು ಸಹ ಹೋಗುವುದು.

ಪ್ರಭುವಿನ ಮಾನವಾದರೋ ಕವಿಯ ನಾಲಗೆಯ ಮೇಲಿತ್ತು. ಕವಿಯ ನಿಂದೆಗೆ ಅರಸರೂ ಅಂಜುತ್ತಿದ್ದರು. ಗುವರೆ ಎಂಬ ಅರಸನ ಅರಮನೆಗೆ ಶೆನಖಾನನೆಂಬ ಕವಿಯು ಭಾರಿ ಪರಿವಾರದೊಡನೆ ಬಂದಿಳಿದು, ಉಣ್ಣಲೊಲ್ಲೆನೆಂದು ಮುನಿದ ಕಥೆ ಐರಿಷ್ ಸಾಹಿತ್ಯದಲ್ಲಿದೆ. ಕವಿಗಳ ಅತಿಯಾಸೆಯನ್ನು ಹಾಸ್ಯಮಾಡುವ ಕಥೆಯದು. 1903ರಲ್ಲಿ ಯೇಟ್ಸರು ಅದನ್ನು ಇಂಗ್ಲಿಷ್ ನಾಟಕವಾಗಿಸಿ, ರಾಜಸಭೆಯ ಸ್ಥಾನ ಕಳೆದುಕೊಂಡ ಕವಿಯನ್ನು ಅರಸನ ಹೊಸ್ತಿಲಲ್ಲಿ ಉಪವಾಸ ಕೂಡಿಸಿದರು. ಕೊನೆಗೆ ಅರಸನೇ ಮಣಿದನು.

1917ರಲ್ಲಿ ಐರಿಷ್ ನುಡಿಯ ಸೇವಕರೂ ಶಾಲಾ ಶಿಕ್ಷಕರೂ ಆಗಿದ್ದ ಥಾಮಸ್ ಆಶ್ ಸೆರೆಯಲ್ಲಿ ಉಪವಾಸ ಹೂಡಿದರು. ಬಲಾತ್ಕಾರವಾಗಿ ಉಣಿಸಿದುದರಿಂದ ಮಡಿದರು. 1920ರಲ್ಲಿ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿಯವರು 74 ದಿನ ಉಪವಾಸವಿದ್ದು ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ಅಸುನೀಗಿದರು. ತರುವಾಯ ಯೇಟ್ಸರು ನಾಟಕದ ಕೊನೆಯನ್ನು ತಿದ್ದಿದರು. ಹೊಸ ಪಾಠದಲ್ಲಿ ಅರಸನು ಮಣಿಯುವುದಿಲ್ಲ, ಕವಿಯೇ ಸಾಯುವನು. ನಾಚಿಕೆಯುಳ್ಳ ಅರಸನ ಎದುರು ನ್ಯಾಯದ ಸಾಧನವಾಗಿದ್ದ ಉಪವಾಸವು ನಾಚದ ಅಧಿಕಾರದ ಎದುರು ಪ್ರಾಣಕ್ಕೇ ಎರವಾಯಿತು.

1929ರಲ್ಲಿ ನಮ್ಮ ಜತೀನ್ ದಾಸರು ಲಾಹೋರಿನ ಸೆರೆಯಲ್ಲಿ 63 ದಿನಗಳ ಉಪವಾಸದಿಂದ ಮಡಿದಾಗ, ಮ್ಯಾಕ್‌ಸ್ವೀನಿಯವರ ಮನೆತನದವರು ದುಃಖವನ್ನೂ ಅಭಿಮಾನವನ್ನೂ ಸೂಚಿಸಿ ತಂತಿ ಕಳುಹಿಸಿದರು. ಆ ನೋವಿನ ಅರ್ಥವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

17ನೆಯ ಶತಮಾನದಲ್ಲಿ ಐರಿಷ್ ಕಾಯಿದೆಯೂ ಕವಿಗಳ ಆಶ್ರಯವೂ ಮುರಿದುಬಿದ್ದವು. ಉಪವಾಸದ ನೆನಪು ಮಾತ್ರ ಅಳಿಯಲಿಲ್ಲ. ಉತ್ತರ ಐರ್ಲಂಡದ ಮೇಜ್ ಸೆರೆಮನೆಯಲ್ಲಿ ಕೈದಿಗಳು ಕೋಣೆಯಿಂದ ಕೋಣೆಗೆ ಕೂಗಿ ಹೇಳುತ್ತ ಐರಿಷ್ ಕಲಿತರು. 1981ರಲ್ಲಿ ಅಲ್ಲಿ ಹತ್ತು ಮಂದಿ ಉಪವಾಸದಿಂದ ಸತ್ತರು. ಅವರಲ್ಲಿ ಮೊದಲಿಗರಾದ ಬಾಬಿ ಸ್ಯಾಂಡ್ಸ್ ಕವಿ. 66ನೆಯ ದಿನ ತೀರಿಕೊಂಡರು. ಅವರ ಉಪವಾಸದ ದಿನಚರಿಯ ಕೊನೆಯ ಮಾತುಗಳು ಐರಿಷ್ ನುಡಿಯಲ್ಲಿವೆ.

ಮಹನೀಯರೇ, ಹಸಿದವನ ಸಾವನ್ನು ಸಿಂಗರಿಸುವುದು ಸುಲಭ. ಬಾಗಿಲ ಹೊರಗೆ ಕುಳಿತವನು ಕೇಳಿದುದೇನು, ಒಳಗಿದ್ದವನು ಕೊಡದೆ ಹೋದುದೇನು ಎಂಬುದನ್ನು ಮರೆಯಗೊಡದ ಕಾವ್ಯವೇ ಹಿರಿದೆಂದು ಹೇಳಿ ವಿರಮಿಸುತ್ತೇವೆ.