ಮರಿ, ಮೇವು, ನೀರು
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಗ್ರಾಚ್ಯುಟಿಗಳ ಮಾತು ಬಿಟ್ಟು ಇಂದು ಮೀನು ಸಾಕಣೆಯ ವಿಷಯವೇಕೆ ಎಂದು ಕೆಲವರು ಕೇಳಿಯಾರು. ಕಾರಣವಿದೆ. ನಮ್ಮಲ್ಲಿ ಅನೇಕರು ಊರಿಗೆ ಮರಳುವ ಯೋಚನೆಯಲ್ಲಿದ್ದಾರೆ. 1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೋಟೆಲಿನಲ್ಲಿ ಐವತ್ತು ದಾಟಿದವನಿಗೆ ದಿನವಿಡೀ ನಿಲ್ಲುವ ಕಾಲಿನ ಬಲ ಉಳಿಯುವುದಿಲ್ಲ. ಕೊನೆಗೆ ಕೈಗೆ ಬರುವುದು ಒಂದೇ ಇಡಿಗಂಟು. ಅದನ್ನು ಊರ ಕೆರೆಗೋ, ಗದ್ದೆಯಲ್ಲಿ ತೋಡಿದ ಹೊಂಡಕ್ಕೋ ಹಾಕಿ ಮೀನು ಸಾಕೋಣ ಎನ್ನುವವರು ಸಂಘದ ಕಚೇರಿಗೆ ಬರುತ್ತಲೇ ಇದ್ದಾರೆ. ಅವರ ಬೆನ್ನ ಹಿಂದೆ ದಲ್ಲಾಳಿಯೂ ಬರುತ್ತಾನೆ. “ಹತ್ತು ಸಾವಿರ ಮರಿ ಬಿಡಿ, ವರ್ಷಕ್ಕೆ ಹತ್ತು ಸಾವಿರ ಕಿಲೋ ಮೀನು ತೆಗೆಯಿರಿ” ಎಂಬುದು ಅವನ ಲೆಕ್ಕ. ಮರಿ ಸತ್ತರೆ ಆಗುವ ನಷ್ಟದಲ್ಲಿ ಮಾತ್ರ ಅವನಿಗೆ ಪಾಲಿಲ್ಲ.

ನಾವು ಹೋಟೆಲಿನ ಮೋರಿಯಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು, ಮೀನುಶಾಸ್ತ್ರದ ಪಂಡಿತರಲ್ಲ. ಓದಿ, ಕೇಳಿ, ಕಂಡು ತಿಳಿದುದನ್ನು ತಮ್ಮ ಮುಂದಿಡುತ್ತೇವೆ. ಮೀನು ಸಾಕಣೆಯಲ್ಲಿ ಹಣ ಉಳಿಯುವುದೂ ಮುಳುಗುವುದೂ ಮೂರು ವಸ್ತುಗಳಿಂದ: ಮರಿ, ಮೇವು ಮತ್ತು ನೀರು. ಅವುಗಳಲ್ಲಿ ಮೊದಲನೆಯದು ಮರಿ. ಮರಿಯ ವಿಷಯದಲ್ಲಿ ಮೋಸಹೋದವನನ್ನು ಮೇವೂ ನೀರೂ ಕಾಪಾಡಲಾರವು.

ಕಾಟ್ಲಾ, ರೋಹು, ಮೃಗಾಲ ಎಂಬ ಮೀನುಗಳು ಹರಿಯುವ ಹೊಳೆಯ ಮೀನುಗಳು. ಮಳೆಗಾಲದ ನೆರೆನೀರಿನಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಇಡುವುದಿಲ್ಲ. ಆದುದರಿಂದ ಹಿಂದೆ ಗಂಗೆಯಂತಹ ನದಿಗಳಲ್ಲಿ ಬಲೆಯೊಡ್ಡಿ ಮರಿ ಹಿಡಿದು ತರುತ್ತಿದ್ದರು. ಅದರಲ್ಲಿ ಸಾಕುವ ಮೀನೂ ಇರುತ್ತಿತ್ತು, ಅದನ್ನೇ ತಿನ್ನುವ ಮೀನೂ ಇರುತ್ತಿತ್ತು. 1957ನೇ ಇಸವಿ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಎಂಬ ವಿಜ್ಞಾನಿಗಳು ಈ ತೊಡಕನ್ನು ಬಿಡಿಸಿದರು. ಮೀನಿನ ಮೆದುಳಿನ ಕೆಳಗೆ ಪಿಟ್ಯುಟರಿ ಎಂಬ ಚಿಕ್ಕ ಗ್ರಂಥಿಯಿದೆ. ಅದನ್ನು ತೆಗೆದು ಅರೆದು, ಆ ರಸವನ್ನು ಬಲಿತ ತಾಯಿಮೀನಿಗೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಮೊಟ್ಟೆ ಬೀಳುತ್ತದೆ. ನಾವು ಕಸದ ಡಬ್ಬಿಗೆ ಎಸೆಯುವ ಮೀನಿನ ತಲೆಯಲ್ಲಿ ಒಂದು ಉದ್ಯಮದ ಬೀಗದ ಕೈ ಇತ್ತು! ಈಗ ಗ್ರಂಥಿಯ ಬದಲು ಕಾರ್ಖಾನೆಯಲ್ಲಿ ಮಾಡಿದ ಔಷಧವೇ ಸಿಗುತ್ತದೆ. ಆ ದಿನದ ನೆನಪಿಗೆ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಮರಿ ಸುಲಭವಾಯಿತು; ಆದರೆ ಸುಲಭವಾದದ್ದೆಲ್ಲ ಒಳ್ಳೆಯದಾಗಿ ಉಳಿಯಲಿಲ್ಲ. ಮರಿ ಮಾಡುವವರು ದೊಡ್ಡ ಮೀನನ್ನು ಪೇಟೆಗೆ ಮಾರಿ, ಬೆಳೆಯದೆ ಉಳಿದ ಸಣ್ಣದನ್ನು ತಾಯಿಮೀನೆಂದು ಇಟ್ಟುಕೊಂಡರು. ಅದೇ ಕೊಳದ ಅಣ್ಣ ತಂಗಿಯರನ್ನು ವರ್ಷ ವರ್ಷವೂ ಕೂಡಿಸಿದರು. ಕಾಟ್ಲಾವನ್ನು ರೋಹುವಿನೊಂದಿಗೆ ಬೆರಸಿದರು. ನಮ್ಮ ಕರ್ನಾಟಕದ ಮರಿ ಕೇಂದ್ರಗಳನ್ನೇ ಪರೀಕ್ಷಿಸಿ ಏಕನಾಥ್ ಮತ್ತು ಡಾಯ್ಲ್ ಎಂಬವರು 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂತಹ ಒಳಸಂತಾನದ ಕೇಡನ್ನು ತೋರಿಸಿಕೊಟ್ಟಿದ್ದಾರೆ. ಹೀಗೆ ಕೆಟ್ಟ ಮರಿ ನೋಡಲು ಮರಿಯಂತೆಯೇ ಇರುತ್ತದೆ. ಬೆಳೆಯುವುದಿಲ್ಲ, ಬೇಗ ರೋಗಕ್ಕೆ ಬೀಳುತ್ತದೆ. ಕೊಂಡವನಿಗೆ ತಿಳಿಯುವುದು ಹತ್ತು ತಿಂಗಳ ಮೇವು ಸುರಿದ ಮೇಲೆ.

ಇದಕ್ಕೆ ಮದ್ದೂ ಇದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆಯವರು ನಾರ್ವೆ ದೇಶದ ತಜ್ಞರ ಜೊತೆಗೂಡಿ 1992ರಲ್ಲಿ ರೋಹುವಿನ ತಳಿ ಸುಧಾರಣೆ ಆರಂಭಿಸಿದರು. ಗಂಗಾ, ಯಮುನಾ, ಬ್ರಹ್ಮಪುತ್ರಾ ಮೊದಲಾದ ಬೇರೆ ಬೇರೆ ನದಿಗಳ ಮೀನು ತಂದು, ಬೇಗ ಬೆಳೆಯುವ ಮನೆತನಗಳನ್ನು ಆರಿಸುತ್ತ ಹೋದರು. ತಲೆಮಾರಿಗೆ ಸರಾಸರಿ ಶೇಕಡಾ 17ರಷ್ಟು ಬೆಳವಣಿಗೆ ಹೆಚ್ಚಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಕಾಲದಲ್ಲಿ ಹೊರಬಂದುದರಿಂದ ಅದಕ್ಕೆ ‘ಜಯಂತಿ’ ಎಂದು ಹೆಸರಾಯಿತು. ಆದರೆ ಹೆಸರು ಕೇಳಿ ಹಣ ಕೊಡಬೇಡಿರಿ. ತಾಯಿಮೀನು ಎಲ್ಲಿಂದ ಬಂತು, ಯಾವ ವರ್ಷ ಬದಲಿಸಿದರು, ಕಾಗದ ಎಲ್ಲಿದೆ ಎಂದು ಕೇಳಿರಿ. ಪಗಾರದ ಚೀಟಿ ಇಲ್ಲದ ಮಾಲಕನನ್ನು ನಾವು ನಂಬುತ್ತೇವೆಯೇ?

ಮರಿ ಎಣಿಸುವುದರಲ್ಲಿಯೂ ಕೈಚಳಕವಿದೆ. ಒಂದು ಕಪ್ಪು ತುಂಬ ಮರಿ ಎಣಿಸಿ, ಉಳಿದುದನ್ನು ಕಪ್ಪಿನ ಲೆಕ್ಕದಲ್ಲಿ ಕೊಡುತ್ತಾರೆ. ಎಣಿಸುವ ಕಪ್ಪಿನಲ್ಲಿ ಮರಿ ದಟ್ಟವಾಗಿ, ಕೊಡುವ ಕಪ್ಪಿನಲ್ಲಿ ನೀರೇ ಹೆಚ್ಚಾಗಿ ಇದ್ದರೆ ಏನಾಗುವುದೆಂದು ಕಟಿಂಗ್ ಚಹಾ ಅಳೆದು ಹೊಯ್ದ ಕೈಗಳಿಗೆ ಹೇಳಿಕೊಡಬೇಕಾಗಿಲ್ಲ. ಮಧ್ಯೆ ಒಂದು ಕಪ್ಪನ್ನು ತಾವೇ ಆರಿಸಿ ಎಣಿಸಿರಿ. ಮೂರು ದಿನದ ಎಳೆಮರಿಯನ್ನು ನೇರ ಕೆರೆಗೆ ಬಿಟ್ಟರೆ ಅದು ಕೆರೆಯ ಇತರ ಮೀನಿಗೆ ಊಟವಾಗುತ್ತದೆ. ಬಿಡುವ ಮರಿ ಬೆರಳುದ್ದವಾಗಿರಬೇಕು. ಪೊಟ್ಟಣವನ್ನು ಕಾಲು ಗಂಟೆ ಕೆರೆಯ ನೀರಿನ ಮೇಲೆ ತೇಲಬಿಟ್ಟು, ಸ್ವಲ್ಪ ಸ್ವಲ್ಪವೇ ಕೆರೆಯ ನೀರು ಸೇರಿಸಿ, ಬಿಸಿ ತಂಪು ಸಮವಾದ ಮೇಲೆ ಬಾಯಿ ತೆರೆಯಬೇಕು.

ಇನ್ನು ಹೊಂಡದ ವಿಷಯ. ಮರಿ ಬಿಡುವ ಮೂರು ವಾರ ಮೊದಲು ಹಿಪ್ಪೆ ಹಿಂಡಿ ಹಾಕಿದರೆ ಮರಿಗಳನ್ನು ತಿನ್ನುವ ಕಳೆಮೀನು ಸಾಯುತ್ತದೆ. ಆಮೇಲೆ ಅದೇ ಹಿಂಡಿ ಗೊಬ್ಬರವಾಗುತ್ತದೆ. ಸುಣ್ಣ ಹಾಕಬೇಕು, ಸೆಗಣಿ ಗೊಬ್ಬರ ಹಾಕಬೇಕು. ಆಗ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿ ಮರಿಗೆ ಆಹಾರವಾಗುತ್ತವೆ. ಎಕರೆಗೆ ಸುಮಾರು 2000 ಮರಿ ಸಾಕು. ಜಾತಿಗಳನ್ನು ಬೆರಸಿ ಬಿಡುವುದೇ ಜಾಣತನ. ಹೋಟೆಲಿನಲ್ಲಿ ಒಬ್ಬ ಭಟ್ಟಿಯಲ್ಲಿ, ಒಬ್ಬ ಗಲ್ಲೆಯಲ್ಲಿ, ಒಬ್ಬ ಮೋರಿಯಲ್ಲಿ ಇರುವಂತೆ ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ ಮೇಯುತ್ತವೆ. 1959ರಲ್ಲಿ ಹೊರದೇಶದಿಂದ ತಂದ ಹುಲ್ಲುಗೆಂಡೆ ಕಳೆ ತಿನ್ನುತ್ತದೆ. ಬೇಗ ಬೆಳೆಯುತ್ತದೆಂದು ಆಫ್ರಿಕದ ಮಾಗೂರನ್ನು ಯಾರಾದರೂ ತಂದರೆ ಬಾಗಿಲಿನಿಂದಲೇ ಕಳಿಸಿರಿ. ಅದು ಇತರ ಮೀನನ್ನು ತಿಂದು ಮುಗಿಸುತ್ತದೆ. ಅದರ ಸಾಕಣೆಯನ್ನು ಸರಕಾರ ನಿಷೇಧಿಸಿದೆ.

ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿನದು. ಗೆಂಡೆ ಜಾತಿಯ ಮೀನಿಗೆ ಅಕ್ಕಿತೌಡು ಮತ್ತು ನೆಲಗಡಲೆ ಹಿಂಡಿ ಹಳೆಯ ಮೇವು. ನೀರಿಗೆ ಎರಚಿದರೆ ಬಹಳಷ್ಟು ತಳಕ್ಕಿಳಿದು ಕೊಳೆಯುತ್ತದೆ. ಆಂಧ್ರದವರು ತೂತು ಮಾಡಿದ ಚೀಲದಲ್ಲಿ ಮೇವು ತುಂಬಿ ಬಿದಿರಿನ ಗಳುವಿಗೆ ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ. ಮೀನು ಬಂದು ತೂತಿನಿಂದ ತಿನ್ನುತ್ತದೆ. ಉಳಿದದ್ದು ಎಷ್ಟೆಂದು ಚೀಲ ಎತ್ತಿದರೆ ತಿಳಿಯುತ್ತದೆ. ತಟ್ಟೆಯಲ್ಲಿ ಅನ್ನ ಉಳಿದರೆ ನಾಳೆ ಅಕ್ಕಿ ಕಡಿಮೆ ಹಾಕುವುದು ಅಡುಗೆಯವನ ಧರ್ಮ, ಇಲ್ಲಿಯೂ ಅಷ್ಟೇ. ಹೆಚ್ಚು ಮೇವು ಹಾಕಿದರೆ ನೀರು ಕೆಡುತ್ತದೆ. ರಾತ್ರಿಯೆಲ್ಲ ನೀರಿನ ಪ್ರಾಣವಾಯು ಖರ್ಚಾಗಿ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆ ಹೊತ್ತಿಗೆ ಕೆರೆಯ ದಂಡೆಯಲ್ಲಿ ಮನುಷ್ಯನಿರಬೇಕು. ಮೇವು ನಿಲ್ಲಿಸಿ ಹೊಸ ನೀರು ಹಾಯಿಸಬೇಕು. ಮುಂಬಯಿಯಲ್ಲಿ ಕುಳಿತು ಫೋನಿನಲ್ಲಿ ಮೀನು ಸಾಕಲು ಬರುವುದಿಲ್ಲ.

ಕರಾವಳಿಯ ಬಂಧುಗಳಿಗೆ ಒಂದು ಮಾತು. ತೊಂಬತ್ತರ ದಶಕದ ಆರಂಭದಲ್ಲಿ ಕುಂದಾಪುರ, ಕುಮಟಾ ಕಡೆಯ ಅಳಿವೆಗಳ ದಂಡೆಯಲ್ಲಿ ಸಿಗಡಿ ಹೊಂಡಗಳು ಎದ್ದವು. ಸಮುದ್ರದಿಂದ ಹಿಡಿದ ತಾಯಿ ಸಿಗಡಿಯಿಂದ ಮರಿ ಮಾಡುತ್ತಿದ್ದರು; ರೋಗವೂ ಮರಿಯೊಡನೆ ಬಂತು. 1994-95ರಲ್ಲಿ ಬಿಳಿಚುಕ್ಕೆ ರೋಗ ದೇಶದ ಕರಾವಳಿಯನ್ನೇ ಬಡಿಯಿತು. ಸಾಲ ಮಾಡಿದವರು ಮುಳುಗಿದರು. ಪಕ್ಕದ ಗದ್ದೆ, ಬಾವಿಗೆ ಉಪ್ಪುನೀರು ಹತ್ತಿದ ಊರುಗಳಿಂದ ದೂರು ಹೋಗಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಟ್ಟುನಿಟ್ಟಾದ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾನೂನು ಬಂತು. 2009ರಿಂದ, ಪರೀಕ್ಷಿಸಿ ತಂದ ತಾಯಿಗಳಿಂದ ವನ್ನಾಮೈ ಎಂಬ ಸಿಗಡಿಯ ಮರಿ ಮಾಡಲಾರಂಭಿಸಿದರು. ಆದರೆ ರೋಗವಿಲ್ಲದ ಮರಿಯೆಂದರೆ ರೋಗ ಬಾರದ ಮರಿಯಲ್ಲ. ಹೊಂಡದ ನೀರು ಕೆಟ್ಟರೆ ಅದೂ ಸಾಯುತ್ತದೆ. ಇನ್ನೊಂದು ಸಂಗತಿ: ಸಿಗಡಿಯ ಮೇವಿಗೆ ಮೀನಿನ ಹುಡಿ ಬೇಕು. ಬಡವರ ಗಂಜಿಯ ಜೊತೆಗಿದ್ದ ಬೂತಾಯಿ ಹುಡಿಯಾಗಿ ಹೋಗುತ್ತದೆ. ತೌಡು ಹಿಂಡಿ ತಿಂದು ಬೆಳೆಯುವ ಕಾಟ್ಲಾ ರೋಹು ಸಮುದ್ರದ ಮೇಲೆ ಆ ಭಾರ ಹಾಕುವುದಿಲ್ಲ. ಬಹುಕಾಲ ಬಾಳುವ ಕಸುಬು ಯಾವುದೆಂದು ಅಳೆಯುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಹಾಗಾದರೆ ಮಾಡತಕ್ಕದ್ದೇನು? ಒಬ್ಬೊಬ್ಬರೇ ಗಂಟು ಬಿಚ್ಚಬೇಡಿರಿ. ಒಂದೇ ತಾಲೂಕಿನ ಹತ್ತು ಜನ ಸೇರಿ ಸಹಕಾರಿ ಸಂಘ ಕಟ್ಟಿರಿ. ಕೆರೆಯ ಗುತ್ತಿಗೆ ಯಾರ ಕೈಯಲ್ಲಿದೆ, ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬುದನ್ನು ಪಂಚಾಯತಿಯಲ್ಲಿಯೂ ಮೀನುಗಾರಿಕೆ ಇಲಾಖೆಯಲ್ಲಿಯೂ ಮೊದಲು ವಿಚಾರಿಸಿರಿ. ಊರಿನವರು ಕುಡಿಯುವ ಕೆರೆಯಾದರೆ ಗೊಬ್ಬರ ಸುರಿಯುವ ಮಾತೇ ಬೇಡ. ತಲತಲಾಂತರದಿಂದ ಆ ಕೆರೆಯಲ್ಲಿ ಬಲೆ ಹಾಕಿ ಬದುಕುವವರಿದ್ದರೆ ಅವರನ್ನು ಹೊರಗಿಟ್ಟು ನಾವು ಒಳಗೆ ಹೋಗುವುದು ಕಾರ್ಮಿಕರಿಗೆ ಶೋಭಿಸುವುದಿಲ್ಲ. ಅವರನ್ನೂ ಪಾಲುದಾರರನ್ನಾಗಿ ಮಾಡಿಕೊಳ್ಳಿರಿ. ಅವರಿಗೆ ನೀರು ಗೊತ್ತು, ನಮಗೆ ಲೆಕ್ಕ ಗೊತ್ತು. ಒಂದು ಸಣ್ಣ ಹೊಂಡವನ್ನು ಮರಿ ಬೆಳೆಸಲೆಂದೇ ಇಟ್ಟು, ನಂಬಿಕೆಯ ಕೇಂದ್ರದಿಂದ ಎಳೆಮರಿ ತಂದು, ಬೆರಳುದ್ದ ಮಾಡಿ ನಿಮ್ಮ ಕೆರೆಗೆ ನೀವೇ ಬಿಡಿರಿ. ಉಳಿದುದನ್ನು ನೆರೆಯ ಊರಿಗೆ ಮಾರಿರಿ. ಆಗ ದಲ್ಲಾಳಿಗೆ ಹೋಗುವ ಹಣ ಸಂಘದಲ್ಲಿ ಉಳಿಯುತ್ತದೆ. ಮೊದಲ ವರ್ಷ ಇಡಿಗಂಟಿನ ಕಾಲು ಭಾಗಕ್ಕಿಂತ ಹೆಚ್ಚು ಹಾಕಬೇಡಿರಿ.

ಕಲಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. 1961ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೇ ಮುಂಬಯಿಯ ಅಂಧೇರಿ ವರ್ಸೋವಾದಲ್ಲಿದೆ. ಊರ ಕಡೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಇವೆಲ್ಲ ಜನರ ತೆರಿಗೆಯಿಂದ ನಡೆಯುವ ಸಂಸ್ಥೆಗಳು. ನಾವು ಕುಡಿದ ಚಹಾಪುಡಿಯ ಮೇಲಿನ ತೆರಿಗೆಯೂ ಅದರಲ್ಲಿದೆ. ಸಂಕೋಚವಿಲ್ಲದೆ ಹೋಗಿ ಕೇಳಿರಿ. ಊರಿಗೆ ಹೊರಡುವ ಯೋಚನೆಯುಳ್ಳವರು ಸಂಘದ ಕಚೇರಿಯಲ್ಲಿ ಹೆಸರು ಮತ್ತು ತಾಲೂಕು ಬರೆಸಿದರೆ, ಒಂದೊಂದು ತಾಲೂಕಿನವರನ್ನು ಒಟ್ಟುಗೂಡಿಸುವ ಕೆಲಸ ನಮ್ಮದು.